ಸುವರ್ಣಗಡ್ಡೆ, ಹೆಗ್ಗೆಣಸು: ಆರಿಸುವುದರಿಂದ ಬಡಿಸುವವರೆಗೆ

ಸುವರ್ಣಗಡ್ಡೆ ತುರಿಸುತ್ತದೆ ಎಂಬ ಒಂದೇ ಕಾರಣಕ್ಕೆ ಈಗ ಎಷ್ಟೋ ಮನೆಗಳಲ್ಲಿ ಅದನ್ನು ತರುವುದೇ ಇಲ್ಲ. ತೋಟದಂಚಿನಲ್ಲಿ ತಾನಾಗಿ ಬೆಳೆದದ್ದನ್ನೂ ಕೀಳದೆ ಬಿಟ್ಟು, ಪೇಟೆಯಿಂದ ಬಟಾಟೆ ತರುವವರಿದ್ದಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಿಂದ ಹಿಡಿದು ಕಾರವಾರ, ಅಂಕೋಲೆ, ಕುಮಟೆಯ ತೆಂಗಿನ ಹಿತ್ತಲುಗಳವರೆಗೆ ಔಷಧಿ ಬೇಡದೆ, ದಿನವೂ ನೀರು ಬೇಡದೆ ಬರುವ ತರಕಾರಿ ಇದು. ಗಡ್ಡೆ ತುರಿಸುವುದು ನಿಜ. ಆದರೆ ಊಟದ ಎಲೆಯ ಮೇಲೆ ಬಂದ ಮೇಲೂ ಅದು ತುರಿಸಿದರೆ, ಹೆಚ್ಚಿನ ಸಲ ಕಾರಣ ಒಂದೇ: ಹುಳಿಯನ್ನು ಹೊತ್ತಲ್ಲದ ಹೊತ್ತಿಗೆ ಹಾಕಿದ್ದು. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಮೊದಲು ಗಡ್ಡೆಗಳ ಗುರುತು.

ಯಾವುದು ಯಾವ ಗಡ್ಡೆ

ಸುವರ್ಣಗಡ್ಡೆ ಕೆಸುವಿನ ಕುಟುಂಬದ್ದು. ಒಂದೇ ದಂಟು, ಅದರ ತುದಿಗೆ ಕೊಡೆ ಬಿಚ್ಚಿದ ಹಾಗೆ ಸೀಳು ಸೀಳಾದ ಎಲೆ. ನೆಲದೊಳಗೆ ಚಪ್ಪಟೆ ಗುಂಡಿನ ಗಡ್ಡೆ, ನಡುವೆ ತಗ್ಗು. ಕೆಸು ತುರಿಸುವುದೂ ಇದು ತುರಿಸುವುದೂ ಒಂದೇ ಕಾರಣಕ್ಕೆ.

ಹೆಗ್ಗೆಣಸು ಬೇರೆಯೇ ಜಾತಿ. ಮರಕ್ಕೆ ಹಬ್ಬುವ ಬಳ್ಳಿ, ಹೃದಯದ ಆಕಾರದ ಎಲೆ. ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ, ಬಳ್ಳಿಯ ಉದ್ದಕ್ಕೂ ತೆಳ್ಳಗಿನ ಏಣುಗಳಿರುತ್ತವೆ. ಗಡ್ಡೆ ಉದ್ದಕ್ಕೋ ಕೈಬೆರಳಿನ ಹಾಗೆ ಕವಲೊಡೆದೋ ಇರುತ್ತದೆ. ತಿರುಳು ಬಿಳಿ, ಕೆಲವು ತಳಿಗಳಲ್ಲಿ ನೇರಳೆ. ಕಾರವಾರ, ಜೋಯಿಡಾ ಕಡೆಯ ಕೊಂಕಣಿ ಮಾತಾಡುವವರು ಕೋನ ಎನ್ನುವುದು ಇದಕ್ಕೆ. ಜೋಯಿಡಾದ ಕುಣಬಿ ಕುಟುಂಬಗಳು ಇಂಥ ಗಡ್ಡೆಗಳ ಹತ್ತಾರು ಬಗೆಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿವೆ. ಅಲ್ಲಿ ನಡೆಯುವ ಗೆಡ್ಡೆ-ಗೆಣಸು ಮೇಳಕ್ಕೆ ಹೋದವರಿಗೆ ಆ ವೈವಿಧ್ಯ ಕಣ್ಣಾರೆ ಕಾಣುತ್ತದೆ. ಒಂದೊಂದು ಗಡ್ಡೆಯನ್ನು ಎತ್ತಲು ಇಬ್ಬರು ಬೇಕು.

ಬಳ್ಳಿಯ ಗಂಟುಗಳಲ್ಲಿ ಗಾಳಿಯಲ್ಲೇ ಜೋತಾಡುವ ಬಳ್ಳಿ ಬಟಾಟೆಯೂ ಹೆಗ್ಗೆಣಸಿನ ಬಳಗದ್ದೇ. ಮನೆಯಲ್ಲಿ ಬೆಳೆಸಿ ಬಂದ ತಳಿ ತಿನ್ನಲು ಯೋಗ್ಯ. ಕಾಡಿನ ಬಳ್ಳಿಯದು ಕಹಿ, ತಿಂದರೆ ಅಪಾಯವೂ ಹೌದು. ಇದನ್ನು ಒತ್ತಿ ಹೇಳಬೇಕು. ಕಾಡಿನಲ್ಲಿ ಮೂರು ಎಲೆಯ ಒಂದು ಗೆಣಸಿನ ಬಳ್ಳಿ ಸಿಗುತ್ತದೆ, ಅದರ ಗಡ್ಡೆಯಲ್ಲಿ ಡಯೋಸ್ಕೋರಿನ್ ಎಂಬ ನರಗಳಿಗೆ ತಾಗುವ ವಿಷವಿದೆ. ಕಾಡಿನಲ್ಲೇ ಹುಟ್ಟಿ ಬೆಳೆದವರು ಅದನ್ನು ಹೆಚ್ಚಿ, ದಿನಗಟ್ಟಲೆ ಹರಿಯುವ ನೀರಿನಲ್ಲಿಟ್ಟು, ಬೇಯಿಸಿ ತಿನ್ನುವ ಕ್ರಮ ಬಲ್ಲರು. ಗುರುತು ಗೊತ್ತಿಲ್ಲದವರು ಬೆಟ್ಟದಿಂದ ಅಗೆದು ತಂದ ಗಡ್ಡೆಯನ್ನು ಒಲೆಯ ಮೇಲಿಡಬಾರದು.

ಸಿಹಿ ಗೆಣಸು ಇವೆರಡರ ಬಳಗಕ್ಕೂ ಸೇರಿದ್ದಲ್ಲ. ಅದಕ್ಕೆ ಈ ಯಾವ ಉಪಚಾರವೂ ಬೇಕಿಲ್ಲ.

ಆರಿಸುವುದು, ಇಡುವುದು

ಸುವರ್ಣಗಡ್ಡೆಯ ದಂಟು ಹಳದಿಯಾಗಿ ತಾನೇ ಮಲಗಿದ ಮೇಲೆ ಗಡ್ಡೆ ಬಲಿತಿದೆ ಎಂದರ್ಥ. ಮಳೆಗಾಲಕ್ಕೆ ಮುಂಚೆ ನೆಟ್ಟದ್ದು 8ರಿಂದ 10 ತಿಂಗಳಿಗೆ ಕೀಳಲು ಬರುತ್ತದೆ. ಹಾಗಾಗಿ ದೀಪಾವಳಿ ಕಳೆದ ಮೇಲೆ, ಸಂಕ್ರಾಂತಿಯ ಆಚೀಚೆ ಒಳ್ಳೆಯ ಮಾಲು ಸಿಗುವ ಕಾಲ. ಕಾರವಾರದ ರವಿವಾರದ ಸಂತೆಯಲ್ಲಿ ಹಳ್ಳಿಯ ಹೆಂಗಸರು ಬುಟ್ಟಿಯಲ್ಲಿ ತರುವ ಗಡ್ಡೆಗೂ ಅಂಗಡಿಯಲ್ಲಿ ಲಾರಿಯಿಂದ ಇಳಿದ ಗಡ್ಡೆಗೂ ವ್ಯತ್ಯಾಸವಿದೆ. ಲಾರಿಯದು ಹೆಚ್ಚಾಗಿ ಗಜೇಂದ್ರ ಎಂಬ ತಳಿ. ಆಂಧ್ರದ ಕೊವ್ವೂರಿನಲ್ಲಿ ಆಯ್ದು ಬೆಳೆಸಿದ್ದು, ಮೈ ನುಣುಪು, ಮರಿಗಡ್ಡೆ ಇಲ್ಲ, ತುರಿಕೆ ಬಹಳ ಕಡಿಮೆ. ತಿರುವನಂತಪುರದಲ್ಲಿ 1963ರಲ್ಲಿ ಶುರುವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯವರ ಶ್ರೀ ಪದ್ಮವೂ ಅಂಥದ್ದೇ. ನಮ್ಮ ಊರಿನ ಗಡ್ಡೆಗೆ ಮೈತುಂಬ ಮರಿಗಳು, ಒಳಗೆ ಹೆಚ್ಚಾಗಿ ನಸುಗೆಂಪು, ತುರಿಕೆಯೂ ಹೆಚ್ಚು. ಹೊಸದಾಗಿ ಕಲಿಯುವವರು ಗಜೇಂದ್ರದಿಂದ ಶುರು ಮಾಡಿದರೆ ಸುಲಭ. ರುಚಿಗೆ ನನ್ನ ಆಯ್ಕೆ ಊರ ಗಡ್ಡೆಯೇ. ಬೆಂದ ಮೇಲೆ ಅದರಲ್ಲಿ ಬರುವ ಬೆಣ್ಣೆಯಂಥ ಹದ ಇನ್ನೊಂದಕ್ಕಿಲ್ಲ.

ಕೈಗೆತ್ತಿಕೊಂಡರೆ ಗಾತ್ರಕ್ಕೆ ತಕ್ಕ ಭಾರ ಇರಬೇಕು. ಬೆರಳಿನಿಂದ ಒತ್ತಿದರೆ ಎಲ್ಲೂ ಕುಸಿಯಬಾರದು. ನಡುವಿನ ತಗ್ಗನ್ನು ಮೂಸಿ ನೋಡಿ, ಕೊಳೆಯುವುದು ಅಲ್ಲಿಂದಲೇ. ಸಂತೆಯಲ್ಲಿ ಕತ್ತರಿಸಿಟ್ಟ ತುಂಡು ಕೊಳ್ಳುವುದಾದರೆ ಕತ್ತರಿಸಿದ ಮೈ ಒಣಗಿ ಗಟ್ಟಿಯಾಗಿರಲಿ, ಲೋಳೆ ಇರುವುದು ಬೇಡ.

ಇಡೀ ಗಡ್ಡೆಯನ್ನು ಮಣ್ಣು ತೊಳೆಯದೆ, ನೆರಳಿನಲ್ಲಿ, ಗಾಳಿಯಾಡುವ ಕಡೆ, ಒಂದರ ಮೇಲೊಂದು ಹೇರದೆ ಇಟ್ಟರೆ ಎರಡು ಮೂರು ತಿಂಗಳು ಕೆಡುವುದಿಲ್ಲ. ಕಿತ್ತ ಕೂಡಲೇ ಅಡುಗೆ ಮಾಡುವುದಕ್ಕಿಂತ ಹದಿನೈದಿಪ್ಪತ್ತು ದಿನ ಆರಿಸಿದ ಗಡ್ಡೆ ಹೆಚ್ಚಲು ಹಗುರ, ತುರಿಕೆಯೂ ಒಂದಿಷ್ಟು ತಗ್ಗಿರುತ್ತದೆ. ಅರ್ಧ ಬಳಸಿ ಉಳಿದರೆ ಕತ್ತರಿಸಿದ ಮೈಗೆ ಒಲೆಯ ಬೂದಿ ಸವರಿ ತೆರೆದಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ. ಹೆಗ್ಗೆಣಸನ್ನು ಫ್ರಿಜ್ಜಿನಲ್ಲಿ ಇಡಲೇಬೇಡಿ. 12 ಡಿಗ್ರಿಗಿಂತ ತಂಪಾದರೆ ಒಳಗಿನ ತಿರುಳು ಕಂದಿ ಹೋಗುತ್ತದೆ, ಹೊರಗೆ ನೋಡಿದರೆ ಗೊತ್ತೂ ಆಗುವುದಿಲ್ಲ.

ಹೊಟ್ಟೆಗೆ ಏನು ಸಿಗುತ್ತದೆ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಪಟ್ಟಿಯ ಪ್ರಕಾರ 100 ಗ್ರಾಂ ಹಸಿ ಸುವರ್ಣಗಡ್ಡೆಯಲ್ಲಿ ಸುಮಾರು 79 ಕಿಲೋ ಕ್ಯಾಲರಿ, 18 ಗ್ರಾಂ ಪಿಷ್ಟ, 1.2 ಗ್ರಾಂ ಪ್ರೋಟೀನ್, 50 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕೊಬ್ಬು ಇಲ್ಲವೆಂದೇ ಹೇಳಬೇಕು. ಹೆಗ್ಗೆಣಸಿನ ಬಳಗದ ಗಡ್ಡೆಗಳಲ್ಲಿ ನೀರು ಕಡಿಮೆ, ಪಿಷ್ಟ ಹೆಚ್ಚು: 100 ಗ್ರಾಮಿಗೆ 110ರಿಂದ 120 ಕಿಲೋ ಕ್ಯಾಲರಿ, 26ರಿಂದ 28 ಗ್ರಾಂ ಪಿಷ್ಟ, 4 ಗ್ರಾಮಿನಷ್ಟು ನಾರು, ಸುಮಾರು 800 ಮಿಲಿಗ್ರಾಂ ಪೊಟ್ಯಾಷಿಯಂ.

ಈ ಅಂಕಿಗಳಿಂದ ಅಡುಗೆಮನೆಗೆ ಬೇಕಾದದ್ದು ಮೂರು ಸಂಗತಿ. ಒಂದು, ಇವು ತರಕಾರಿಯ ಹೆಸರಿನಲ್ಲಿ ಬಂದರೂ ಕೆಲಸ ಮಾಡುವುದು ಅನ್ನದ ಹಾಗೆ. ಸಕ್ಕರೆ ಕಾಯಿಲೆ ಇದ್ದವರು ಹೆಗ್ಗೆಣಸಿನ ಪಲ್ಯ ಬಡಿಸಿಕೊಂಡ ದಿನ ಅನ್ನವನ್ನು ಅಷ್ಟೇ ಕಡಿಮೆ ಮಾಡಬೇಕು. ಎರಡು, ಮೂತ್ರಪಿಂಡದ ಕಾಯಿಲೆಯಿಂದ ಪೊಟ್ಯಾಷಿಯಂ ಮಿತಿ ಹೇಳಿಸಿಕೊಂಡವರು ವೈದ್ಯರನ್ನು ಕೇಳದೆ ತಿನ್ನಬಾರದು. ಮೂರು, ಸುವರ್ಣಗಡ್ಡೆಯಲ್ಲಿ ಆಕ್ಸಲೇಟ್ ಇರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಆದವರು ಜಾಗ್ರತೆ ವಹಿಸಬೇಕು. ಕರಗುವ ಆಕ್ಸಲೇಟ್ ಬೇಯಿಸಿದ ನೀರಿಗೆ ಇಳಿಯುತ್ತದೆ, ಆ ನೀರನ್ನು ಚೆಲ್ಲಿದರೆ ಒಂದು ಪಾಲು ಹೋಯಿತು. ಮೊಸರು ಮಜ್ಜಿಗೆಯ ಜೊತೆ ತಿಂದರೆ ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಕಟ್ಟಿಹಾಕುತ್ತದೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ನಮ್ಮ ಹಿರಿಯರು ಸುವರ್ಣಗಡ್ಡೆಗೆ ಮಜ್ಜಿಗೆಹುಳಿಯನ್ನು ಜೋಡಿಸಿದ್ದು ಎಷ್ಟು ಸರಿ ನೋಡಿ.

ಆಯುರ್ವೇದದಲ್ಲಿ ಸೂರಣಕ್ಕೆ, ಅಂದರೆ ಸುವರ್ಣಗಡ್ಡೆಗೆ, ಮೂಲವ್ಯಾಧಿಯ ಪಥ್ಯದಲ್ಲಿ ದೊಡ್ಡ ಸ್ಥಾನವಿದೆ, ಮಣ್ಣು ಮೆತ್ತಿ ಕೆಂಡದಲ್ಲಿ ಸುಟ್ಟು ಎಣ್ಣೆ ಉಪ್ಪು ಸೇರಿಸಿ ಕೊಡುವ ಕ್ರಮವೂ ಇದೆ. ಅದು ಪಥ್ಯ. ರಕ್ತ ಹೋಗುತ್ತಿದ್ದರೆ ವೈದ್ಯರ ಹತ್ತಿರ ಹೋಗಲೇಬೇಕು.

ತುರಿಕೆ ಎಲ್ಲಿಂದ ಬರುತ್ತದೆ

ಗಡ್ಡೆಯ ಕೋಶಗಳೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು ಕಟ್ಟು ಕಟ್ಟಾಗಿ ಇರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣವು. ಹೆಚ್ಚಿದಾಗ, ಅಗಿದಾಗ ಕೋಶ ಒಡೆದು ಅವು ಚರ್ಮಕ್ಕೂ ನಾಲಿಗೆಗೂ ಚುಚ್ಚಿಕೊಳ್ಳುತ್ತವೆ. ಚುಚ್ಚಿದ ಜಾಗದಲ್ಲಿ ಗಡ್ಡೆಯದೇ ಕೆಲವು ಪ್ರೋಟೀನುಗಳು ಸೇರಿ ಉರಿಯನ್ನು ಹೆಚ್ಚಿಸುತ್ತವೆ. ಸೂಜಿ ಬರೀ ನೀರಿನಲ್ಲಿ ಕರಗುವುದಿಲ್ಲ, ಬಿಸಿಗೂ ಕರಗುವುದಿಲ್ಲ. ಪ್ರೋಟೀನು ಮಾತ್ರ ಚೆನ್ನಾಗಿ ಬೆಂದರೆ ಸತ್ತುಹೋಗುತ್ತದೆ. ಹಾಗಾಗಿ ಅರೆಬೆಂದ ಗಡ್ಡೆ ಯಾವತ್ತೂ ತುರಿಸುತ್ತದೆ, ಪೂರ್ತಿ ಬೆಂದದ್ದು ಅಪರೂಪಕ್ಕೆ.

ಹುಳಿ ತುರಿಕೆಯನ್ನು ತಗ್ಗಿಸುತ್ತದೆ ಎಂದು ಎಲ್ಲರಿಗೂ ಗೊತ್ತು. ಹುಣಸೆ, ಮುರುಗಲು, ಉಪ್ಪಾಗೆ, ಬಿಂಬಲಕಾಯಿ, ಮಜ್ಜಿಗೆ, ಮನೆಯಲ್ಲಿ ಇದ್ದದ್ದನ್ನು ಹಾಕುತ್ತಾರೆ. ಆದರೆ ಹುಳಿಗೆ ಇನ್ನೊಂದು ಗುಣವಿದೆ, ಅದನ್ನು ಮರೆಯುತ್ತೇವೆ. ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟ ಪೆಕ್ಟಿನ್ ಹುಳಿಯಲ್ಲಿ ಬೇಗ ಸಡಿಲವಾಗುವುದಿಲ್ಲ. ಅಂದರೆ ಹುಳಿನೀರಿನಲ್ಲಿ ಹೋಳು ನಿಧಾನಕ್ಕೆ ಬೇಯುತ್ತದೆ. ತುರಿಸೀತು ಎಂಬ ಹೆದರಿಕೆಗೆ ಮೊದಲೇ ಮುಷ್ಟಿ ಹುಣಸೆ ಹಾಕಿಬಿಟ್ಟರೆ ಹೋಳು ಅರ್ಧ ಗಂಟೆ ಕುದಿದರೂ ನಡುವೆ ಗಟ್ಟಿಯೇ ಇರುತ್ತದೆ, ಒಲೆ ಆರಿಸುತ್ತೇವೆ, ಊಟಕ್ಕೆ ಕೂತವರ ಬಾಯಿ ತುರಿಸುತ್ತದೆ. ಇನ್ನೊಂದು ಸಲ ಇನ್ನಷ್ಟು ಹುಳಿ ಹಾಕುತ್ತೇವೆ, ಗಡ್ಡೆ ಇನ್ನಷ್ಟು ಗಟ್ಟಿ. ಇದರಿಂದ ಹೊರಬರುವ ದಾರಿ ಹೀಗೆ: ಹೆಚ್ಚಿದ ಮೇಲೆ ಹುಳಿನೀರಿನಲ್ಲಿ ನೆನೆಸುವುದು, ಆ ನೀರು ಚೆಲ್ಲುವುದು, ಬೇರೆ ನೀರಿನಲ್ಲಿ ಪೂರ್ತಿ ಬೇಯಿಸುವುದು, ಅಡುಗೆಯ ಹುಳಿಯನ್ನು ಬೆಂದ ಮೇಲೆಯೇ ಸೇರಿಸುವುದು.

ಹೆಚ್ಚುವುದು

ಕೈ ಒಣಗಿರಬೇಕು, ಗಡ್ಡೆಯೂ ಒಣಗಿರಬೇಕು. ಮಣ್ಣು ತೊಳೆದು ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಲು ಬಿಡಿ. ನೀರು ಸೋಕಿದ ಕೈಗೆ ರಸ ಬೇಗ ಹರಡುತ್ತದೆ. ಅಂಗೈ, ಬೆರಳ ಸಂದು, ಮಣಿಕಟ್ಟಿನವರೆಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ. ಮೆಟ್ಟುಕತ್ತಿ ಇದ್ದರೆ ಒಳ್ಳೆಯದು, ದೊಡ್ಡ ಗಡ್ಡೆಗೆ ಎರಡೂ ಕೈಯ ಬಲ ಸಿಗುತ್ತದೆ. ಚಾಕುವಾದರೆ ಮೊದಲು ಗಡ್ಡೆಯನ್ನು ಸೀಳಿ, ಚಪ್ಪಟೆ ಮೈ ಮಣೆಗೆ ಕೂರುವ ಹಾಗೆ ಇಟ್ಟುಕೊಂಡು ಆಮೇಲೆ ಸಿಪ್ಪೆ ತೆಗೆಯಿರಿ.

ಸಿಪ್ಪೆಯನ್ನು ದಪ್ಪವಾಗಿ ಕೆತ್ತಬೇಕು. ಕಂದು ಹೊರಪದರದ ಕೆಳಗೆ ಬಣ್ಣ ಬೇರೆಯಾಗಿರುವ ಒಂದು ಪಟ್ಟಿ ಕಾಣುತ್ತದೆ, ಅದೂ ಹೋಗಲಿ. ಒಂದು ಕಿಲೋ ಗಡ್ಡೆಗೆ 800 ಗ್ರಾಂ ತಿರುಳು ಉಳಿದರೆ ಸರಿಯಾಗಿ ಕೆತ್ತಿದ್ದೀರಿ. ನಡುವಿನ ಮೊಳಕೆಯ ಭಾಗವನ್ನು ಒಂದಿಷ್ಟು ತಿರುಳಿನ ಸಮೇತ ತೆಗೆದಿಡಿ, ನೆಡಲು ಬೇಕು.

ಹುಳಿ, ಸಾಂಬಾರಿಗೆ ಎರಡು ಸೆಂಟಿಮೀಟರಿನ ಹೋಳು. ಪಲ್ಯಕ್ಕೆ ಅದರ ಅರ್ಧ. ಫೋಡಿಗೆ, ಅಂದರೆ ರವೆ ಹಚ್ಚಿ ತವೆಯ ಮೇಲೆ ಕಾಯಿಸುವುದಕ್ಕೆ, ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆ. ಹೋಳುಗಳೆಲ್ಲ ಒಂದೇ ಗಾತ್ರದಲ್ಲಿರಲಿ, ಇಲ್ಲವಾದರೆ ಸಣ್ಣದು ಕರಗಿಹೋಗಿ ದೊಡ್ಡದು ಅರೆಬೆಂದು ಉಳಿಯುತ್ತದೆ.

ಕೈ ತುರಿಸಲು ಶುರುವಾದರೆ ನೀರಿನಲ್ಲಿ ಉಜ್ಜಬೇಡಿ. ಹುಣಸೆಹಣ್ಣು ಅಥವಾ ಲಿಂಬೆಯ ಹೋಳು ತಿಕ್ಕಿ, ಒಲೆಯ ಶಾಖಕ್ಕೆ ದೂರದಿಂದ ಹಿಡಿದು ಒಣಗಿಸಿ, ಆಮೇಲೆ ತೊಳೆಯಿರಿ. ಆ ಕೈಯನ್ನು ಕಣ್ಣಿಗೆ ಮುಟ್ಟಿಸಬೇಡಿ, ಮಕ್ಕಳನ್ನು ಎತ್ತಿಕೊಳ್ಳಬೇಡಿ.

ನೆನೆಸಿ ಬೇಯಿಸುವುದು

ಒಂದು ಕಿಲೋ ಹೋಳಿಗೆ ಒಂದೂವರೆ ಲೀಟರ್ ನೀರು, ಲಿಂಬೆ ಗಾತ್ರದ ಹುಣಸೆಯನ್ನು ಕಿವುಚಿದ ರಸ, ಒಂದು ಚಮಚ ಉಪ್ಪು. ಹುಣಸೆಯ ಬದಲು ಹುಳಿ ಬಂದ ಮಜ್ಜಿಗೆಯೂ ಆಗುತ್ತದೆ, ಏಳೆಂಟು ಒಣ ಮುರುಗಲು ಸಿಪ್ಪೆಯೂ ಆಗುತ್ತದೆ. ಅರ್ಧ ಗಂಟೆ ನೆನೆಸಿ. ನೀರು ಬಸಿದು, ಹೊಸ ನೀರಿನಲ್ಲಿ ಒಮ್ಮೆ ಜಾಲಾಡಿಸಿ.

ಬೋಗುಣಿಯಲ್ಲಿ ಹೋಳು ಮುಳುಗಿ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು ಕುದಿಸಿ. ಕುದಿಯುವ ನೀರಿಗೇ ಹೋಳು ಹಾಕಿ, ಅರ್ಧ ಚಮಚ ಅರಿಸಿನ, ಸ್ವಲ್ಪ ಉಪ್ಪು. ಮುಚ್ಚದೆ ಮಧ್ಯಮ ಉರಿಯಲ್ಲಿ ಬೇಯಿಸಿ. ಗಜೇಂದ್ರ 12ರಿಂದ 15 ನಿಮಿಷಕ್ಕೆ ಬೇಯುತ್ತದೆ, ಊರ ಗಡ್ಡೆಗೆ 20 ನಿಮಿಷವೂ ಹಿಡಿಯಬಹುದು. ಚಾಕುವಿನ ತುದಿ ತಡೆಯಿಲ್ಲದೆ ಇಳಿಯಬೇಕು. ಒಂದು ಹೋಳನ್ನು ಎರಡು ಮಾಡಿ ನೋಡಿ, ನಡುವೆ ಬಿಳಿ ಗಟ್ಟಿ ಇದ್ದರೆ ಇನ್ನೂ ಆಗಿಲ್ಲ. ಬೆಂದ ಕೂಡಲೇ ನೀರು ಬಸಿಯಿರಿ, ಅದರಲ್ಲಿ ಸಾರು ಮಾಡುವುದು ಬೇಡ.

ಕುಕ್ಕರಿನಲ್ಲಿ ಬೇಯಿಸುವುದು ನನಗೆ ಒಪ್ಪಿಗೆಯಿಲ್ಲ. ಒಂದು ಸೀಟಿ ಹೆಚ್ಚಾದರೆ ಗಂಜಿಯಾಗುತ್ತದೆ, ನೀರೂ ಕಡಿಮೆ ಇರುವುದರಿಂದ ಬಿಟ್ಟುಹೋಗಬೇಕಾದದ್ದು ಹೋಳಿನಲ್ಲೇ ಉಳಿಯುತ್ತದೆ.

ಇಷ್ಟಾದರೆ ಮುಂದಿನದೆಲ್ಲ ಸುಲಭ. ಹೀಗೆ ಬೇಯಿಸಿಟ್ಟ ಹೋಳು ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ.

ಹುಳಿ, ಶಿರಸಿಯ ಕಡೆಯ ಕ್ರಮ

ನಾಲ್ಕು ಜನಕ್ಕೆ 400 ಗ್ರಾಂ ಬೆಂದ ಹೋಳು, ಅರ್ಧ ಲೋಟ ತೊಗರಿಬೇಳೆ ಬೇರೆಯಾಗಿ ಬೇಯಿಸಿದ್ದು. ಬಾಣಲೆಯಲ್ಲಿ ಒಂದು ಚಮಚ ತೆಂಗಿನೆಣ್ಣೆಗೆ ಒಂದು ಚಮಚ ಉದ್ದಿನಬೇಳೆ, ಎರಡು ಚಮಚ ಕೊತ್ತಂಬರಿ ಬೀಜ, ಕಾಲು ಚಮಚ ಮೆಂತ್ಯ, ಅರ್ಧ ಚಮಚ ಜೀರಿಗೆ, ಐದಾರು ಬ್ಯಾಡಗಿ ಮೆಣಸು, ಚೂರು ಇಂಗು ಹಾಕಿ ಹುರಿಯಿರಿ. ಮೆಂತ್ಯ ಕೆಂಪಗಾಗಬೇಕು, ಕಪ್ಪಾದರೆ ಇಡೀ ಹುಳಿ ಕಹಿ. ಒಂದು ಲೋಟ ಹಸಿ ಕಾಯಿತುರಿಯ ಜೊತೆ ನುಣ್ಣಗೆ ಬೀಸಿ. ಬೇಳೆ, ಹೋಳು, ಬೀಸಿದ ಮಸಾಲೆ ಸೇರಿಸಿ ಒಂದು ಕುದಿ ಬಂದ ಮೇಲೆ ಹುಣಸೆ ರಸ, ಬೆಲ್ಲ, ಉಪ್ಪು. ಹುಳಿ ಬಿದ್ದ ಮೇಲೆ ಐದು ನಿಮಿಷ ಕುದಿಯಲಿ. ಸಾಸಿವೆ, ಕರಿಬೇವಿನ ಒಗ್ಗರಣೆ ತೆಂಗಿನೆಣ್ಣೆಯಲ್ಲೇ. ಮಾಡಿದ ದಿನಕ್ಕಿಂತ ಮರುದಿನ ಬೆಳಿಗ್ಗೆ ಕುದಿಸಿದ್ದು ಇನ್ನೂ ರುಚಿ, ಹೋಳಿನ ಒಳಗೆ ಉಪ್ಪು ಹುಳಿ ಇಳಿದಿರುತ್ತದೆ. ಬಟಾಟೆ, ಟೊಮೆಟೊ, ಕೋಸು ಬಳಸದ ಶ್ರಾದ್ಧದ ಅಡುಗೆಯಲ್ಲಿ ಅನೇಕ ಮನೆಗಳವರಿಗೆ ಈ ಗಡ್ಡೆಯೇ ಆಧಾರ.

ಮಜ್ಜಿಗೆಹುಳಿಗೆ ಬೇಳೆ ಬೇಡ, ಹುರಿಯುವುದೂ ಬೇಡ. ಕಾಯಿ, ಹಸಿಮೆಣಸು, ಚೂರು ಜೀರಿಗೆ ಬೀಸಿ ಹೋಳಿಗೆ ಹಾಕಿ ಕುದಿಸಿ, ಉರಿ ತಗ್ಗಿಸಿ ಕಡೆದ ಹುಳಿ ಮಜ್ಜಿಗೆ ಸೇರಿಸಿ. ಅಂಚಿನಲ್ಲಿ ನೊರೆ ಕಂಡ ಕೂಡಲೇ ಇಳಿಸಿ, ಜೋರು ಕುದಿದರೆ ಒಡೆಯುತ್ತದೆ.

ಫೋಡಿ, ಕಾರವಾರದ ಕಡೆಯ ಕ್ರಮ

ಮೀನು ಸಿಗದ ದಿನ, ಸೋಮವಾರ, ಹಬ್ಬದ ದಿನ ಕರಾವಳಿಯ ಮನೆಗಳಲ್ಲಿ ತವೆಯ ಮೇಲೆ ಮೀನಿನ ಜಾಗದಲ್ಲಿ ಕೂರುವುದು ಸುವರ್ಣಗಡ್ಡೆಯ ಬಿಲ್ಲೆ. ಮಸಾಲೆಯೂ ಮೀನಿನದೇ ಜಾಯಮಾನ.

ಬಿಲ್ಲೆಗಳನ್ನು ಹುಳಿನೀರಿನಲ್ಲಿ ನೆನೆಸಿ, ಬಸಿದು, ಕುದಿಯುವ ನೀರಿನಲ್ಲಿ ಐದಾರು ನಿಮಿಷ ಬೇಯಿಸಿ. ಮುಕ್ಕಾಲು ಬೆಂದರೆ ಸಾಕು, ಉಳಿದದ್ದು ತವೆಯಲ್ಲಿ ಬೇಯುತ್ತದೆ. ತುರಿಸದ ತಳಿ ಎಂದು ಖಾತ್ರಿಯಿದ್ದರೆ ಹಸಿಯದನ್ನೇ ಕಾಯಿಸಬಹುದು, ಊರ ಗಡ್ಡೆಗೆ ಆ ಧೈರ್ಯ ಬೇಡ. ಬಟ್ಟೆಯ ಮೇಲೆ ಹರಡಿ ನೀರು ಆರಲು ಬಿಡಿ. ಎರಡು ಚಮಚ ಮೆಣಸಿನ ಪುಡಿ, ಅರ್ಧ ಚಮಚ ಅರಿಸಿನ, ಚಿಟಿಕೆ ಇಂಗು, ಉಪ್ಪು, ಗಟ್ಟಿ ಹುಣಸೆ ರಸ ಕಲಸಿ ಎರಡೂ ಮೈಗೆ ಸವರಿ 20 ನಿಮಿಷ ಬಿಡಿ.

ಎರಡು ಪಾಲು ಸಣ್ಣ ರವೆಗೆ ಒಂದು ಪಾಲು ಅಕ್ಕಿಹಿಟ್ಟು. ರವೆ ಮಾತ್ರವಾದರೆ ಉದುರುತ್ತದೆ, ಅಕ್ಕಿಹಿಟ್ಟು ಮಾತ್ರವಾದರೆ ತಣಿದ ಮೇಲೆ ಗಟ್ಟಿ. ಬಿಲ್ಲೆಯನ್ನು ಅದರಲ್ಲಿ ಒತ್ತಿ, ಕಾದ ಕಬ್ಬಿಣದ ತವೆಗೆ ತೆಂಗಿನೆಣ್ಣೆ ಬಿಟ್ಟು ಸಾಲಾಗಿ ಇಡಿ. ಉರಿ ಸಣ್ಣಗಿರಲಿ. ಮೊದಲ ನಾಲ್ಕು ನಿಮಿಷ ಮುಚ್ಚಿ, ತಿರುವಿದ ಮೇಲೆ ಮುಚ್ಚಬೇಡಿ. ಅಂಚಿಗೆ ಎಣ್ಣೆ ಬಿಡುತ್ತಾ ಕೆಂಪಗೆ ಗರಿಗರಿಯಾಗುವವರೆಗೆ ಕಾಯಿಸಿ. ಆತುರಪಟ್ಟು ಉರಿ ಏರಿಸಿದರೆ ರವೆ ಸುಟ್ಟು ಒಳಗೆ ಹಸಿ ಉಳಿಯುತ್ತದೆ, ಹಸಿ ಉಳಿದರೆ ತುರಿಕೆ. ದಾಳಿ ತೊವ್ವೆ ಅನ್ನದ ಪಕ್ಕಕ್ಕೆ ಬಿಸಿಬಿಸಿ ಬಡಿಸಿ.

ಖತಖತೆ

ಚೌತಿಯ ಹೊತ್ತಿಗೆ ಕಾರವಾರದ ಮನೆಗಳಲ್ಲಿ ಆಗುವ ಈ ಹಲವು ತರಕಾರಿಯ ಪದಾರ್ಥದಲ್ಲಿ ಸುವರ್ಣಗಡ್ಡೆ, ಕೋನ ಎರಡೂ ಇದ್ದರೆ ಚಂದ. ಜೊತೆಗೆ ಸಿಹಿ ಗೆಣಸು, ಮೂಲಂಗಿ, ನುಗ್ಗೆ, ಬಾಳೆಕಾಯಿ, ಸಿಕ್ಕಿದ್ದೆಲ್ಲ. ಸುವರ್ಣಗಡ್ಡೆಯನ್ನು ಬೇರೆಯಾಗಿ ಬೇಯಿಸಿ ಬಸಿದುಕೊಳ್ಳಿ. ಉಳಿದವನ್ನು ಗಟ್ಟಿಯದು ಮೊದಲು, ಮೆತ್ತಗಿನದು ಆಮೇಲೆ ಎಂಬ ಕ್ರಮದಲ್ಲಿ ಬೇಯಿಸಿ ತೊಗರಿಬೇಳೆ ಸೇರಿಸಿ. ಕಾಯಿ, ಒಣಮೆಣಸು, ಅರಿಸಿನ ಬೀಸಿ ಹಾಕಿ. ಎಂಟು ಹತ್ತು ಜುಮ್ಮನಕಾಯಿಯ (ಕೊಂಕಣಿಯಲ್ಲಿ ತೆಪ್ಪಲ ಎನ್ನುವ ಪರಿಮಳದ ಕಾಯಿ) ಒಳಗಿನ ಕಪ್ಪು ಬೀಜ ತೆಗೆದು, ಸಿಪ್ಪೆಯನ್ನು ಜಜ್ಜಿ ನೀರಿನಲ್ಲಿ ಕದಡಿ ಕೊನೆಗೆ ಬಿಡಿ. ನಾಲ್ಕೈದು ಮುರುಗಲು ಸಿಪ್ಪೆ, ಸಣ್ಣ ತುಂಡು ಬೆಲ್ಲ. ಇದಕ್ಕೆ ಒಗ್ಗರಣೆ ಬೇಡ, ಜುಮ್ಮನಕಾಯಿಯ ಪರಿಮಳ ಸಾಸಿವೆಯ ಕೆಳಗೆ ಮುಚ್ಚಿಹೋಗುತ್ತದೆ.

ಹೆಗ್ಗೆಣಸಿಗೆ ಬೇರೆ ದಾರಿ

ಹೆಗ್ಗೆಣಸು ನಾಲಿಗೆಗೆ ತುರಿಸುವುದಿಲ್ಲ, ಹೆಚ್ಚುವಾಗ ಸಿಪ್ಪೆ, ಲೋಳೆ ತಾಗಿ ಕೆಲವರ ಕೈಗೆ ಮಾತ್ರ ಕಡಿತ ಬರುತ್ತದೆ. ಇದರ ತೊಂದರೆ ಎರಡು: ಜಾರುವ ಲೋಳೆ, ಗಾಳಿ ಸೋಕಿದ ಕೂಡಲೇ ಕಪ್ಪಾಗುವ ತಿರುಳು. ಹೆಚ್ಚಿದ ಹೋಳು ನೇರ ಉಪ್ಪುನೀರಿಗೆ ಬೀಳಲಿ. ಇನ್ನೂ ಒಳ್ಳೆಯದು ಸಿಪ್ಪೆ ಸಮೇತ ಬೇಯಿಸುವುದು. ದೊಡ್ಡ ತುಂಡುಗಳಾಗಿ ಮಾಡಿ ಉಪ್ಪು ಹಾಕಿದ ನೀರಿನಲ್ಲಿ 25ರಿಂದ 30 ನಿಮಿಷ ಬೇಯಿಸಿದರೆ ಸಿಪ್ಪೆ ಕೈಯಲ್ಲೇ ಸುಲಿದು ಬರುತ್ತದೆ, ಲೋಳೆ ಇಲ್ಲ, ಬಣ್ಣವೂ ಕೆಡುವುದಿಲ್ಲ. ಕಾಯಿತುರಿ, ಬೆಲ್ಲ, ಏಲಕ್ಕಿ ಕಲಸಿ ಸಂಜೆಗೆ ತಿನ್ನಬಹುದು. ಹಸಿಮೆಣಸು, ಕರಿಬೇವಿನ ಒಗ್ಗರಣೆ ಹಾಕಿ ಲಿಂಬೆ ಹಿಂಡಿದರೆ ಪಲ್ಯ. ನೇರಳೆ ತಳಿಯಾದರೆ ಲಿಂಬೆ ಬಿದ್ದ ಕೂಡಲೇ ಬಣ್ಣ ಗುಲಾಬಿಗೆ ತಿರುಗುತ್ತದೆ, ಮಕ್ಕಳಿಗೆ ಅದೇ ಖುಷಿ. ಬಚ್ಚಲ ಒಲೆ ಇರುವ ಮನೆಯವರು ಗೇಣುದ್ದದ ತುಂಡನ್ನು ಸಿಪ್ಪೆ ಸಮೇತ ಬಿಸಿ ಬೂದಿಯಲ್ಲಿ ಹೂತು ಮುಕ್ಕಾಲು ಗಂಟೆ ಬಿಡಿ. ತುಪ್ಪ, ಉಪ್ಪು ಇದ್ದರೆ ಸಾಕು, ಇಷ್ಟು ಒಳ್ಳೆಯ ರುಚಿ ಇನ್ಯಾವ ಕ್ರಮದಲ್ಲೂ ಬರುವುದಿಲ್ಲ.

ಹಸಿಯಾಗಿ ಯಾವ ಗಡ್ಡೆಯನ್ನೂ ತಿನ್ನಬೇಡಿ.

ಬಾಯಿ ತುರಿಸಿದರೆ

ಒಂದು ಚಮಚ ಮೊಸರು, ಲಿಂಬೆರಸ ಅಥವಾ ಬೆಲ್ಲ ಹುಣಸೆಯ ತುಣುಕು ಬಾಯಲ್ಲಿಟ್ಟುಕೊಳ್ಳಿ. ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ನಾಲಿಗೆ, ತುಟಿ ಊದಿದರೆ, ನುಂಗಲು ಉಸಿರಾಡಲು ಕಷ್ಟವಾದರೆ ಮನೆಮದ್ದು ನೋಡುತ್ತ ಕೂರದೆ ಆಸ್ಪತ್ರೆಗೆ ಹೋಗಿ. ಪಾತ್ರೆಯಲ್ಲಿ ಉಳಿದ ಪದಾರ್ಥವನ್ನು ಚೆಲ್ಲಬೇಕಿಲ್ಲ. ಒಂದು ಲೋಟ ಬಿಸಿನೀರು ಸೇರಿಸಿ ಸಣ್ಣ ಉರಿಯಲ್ಲಿ ಇನ್ನೊಂದು ಕಾಲು ಗಂಟೆ ಕುದಿಸಿ, ಹೋಳು ಬೆರಳಿಗೆ ಮುದ್ದೆಯಾಗುವಷ್ಟು ಮೆತ್ತಗಾದರೆ ತುರಿಕೆ ಬಹುಪಾಲು ಹೋಗಿರುತ್ತದೆ.

ಹೆಚ್ಚುವಾಗ ತೆಗೆದಿಟ್ಟ ಮೊಳಕೆಯ ಭಾಗ ಅರ್ಧ ಕಿಲೋಗೆ ಕಡಿಮೆ ಇರದಿದ್ದರೆ ಒಳ್ಳೆಯ ಗಡ್ಡೆ ಕೂರುತ್ತದೆ. ಕತ್ತರಿಸಿದ ಮೈಗೆ ಸಗಣಿ ಬಗ್ಗಡ ಬಳಿದು ನೆರಳಿನಲ್ಲಿ ಒಣಗಿಸಿ. ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ, ನೀರು ನಿಲ್ಲದ ಜಾಗದಲ್ಲಿ ಮೊಳ ಆಳದ ಗುಂಡಿ ತೋಡಿ, ತರಗೆಲೆ ಗೊಬ್ಬರ ತುಂಬಿ, ಮೊಳಕೆ ಮೇಲಾಗಿರುವಂತೆ ಇಟ್ಟು ಮಣ್ಣು ಮುಚ್ಚಿ, ಮೇಲೆ ದಪ್ಪಗೆ ದರಕು (ಒಣಗಿದ ಎಲೆ) ಹಾಸಿ.